ಡಾಕ್ಟರ್ ನೋಡದ ಮಗುವಿನ ಸಾವಿಗೆ ಕಾರಣ ಹುಡುಕುವುದು ಹೇಗೆ?

ಪ್ರಶ್ನೆ: ಐದು ವರ್ಷದೊಳಗಿನ ಮಕ್ಕಳ ಸಾವಿಗೆ ಇಂತಿಂಥ ಕಾಯಿಲೆ ಕಾರಣ ಎಂದು ವರದಿಗಳಲ್ಲಿ ಓದುತ್ತೇವೆ. ಆದರೆ ಡಾಕ್ಟರ ಮುಖವನ್ನೇ ನೋಡದೆ ಮನೆಯಲ್ಲಿ ತೀರಿಕೊಳ್ಳುವ ಮಕ್ಕಳ ಲೆಕ್ಕ ಎಲ್ಲಿಂದ ಬರುತ್ತದೆ? ಸುಮ್ನೆ ಅಂದಾಜಾ?

ಉತ್ತರ: ಅಂದಾಜು ಹೌದು, ಆದರೆ ಸುಮ್ನೆ ಅಲ್ಲ. ಇದಕ್ಕೆ ಜಾಸ್ತಿ ಬಳಸುವುದು ವರ್ಬಲ್ ಅಟಾಪ್ಸಿ, ಅಂದರೆ ಬಾಯಿಮಾತಿನ ಮರಣೋತ್ತರ ಪರೀಕ್ಷೆ. ಸಾವಾಗಿ ಕೆಲವು ವಾರ ಕಳೆದ ಮೇಲೆ, ತರಬೇತಿ ಪಡೆದವರೊಬ್ಬರು ಮನೆಗೆ ಹೋಗಿ ತಾಯಿಯ ಹತ್ತಿರ ಕೂರುತ್ತಾರೆ. ಜ್ವರ ಎಷ್ಟು ದಿನ ಇತ್ತು? ಉಸಿರು ಜೋರಾಗಿತ್ತಾ? ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿತ್ತಾ? ಆ ಉತ್ತರಗಳನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ಬರೆಯುತ್ತಾರೆ. ಈಗ ಕಂಪ್ಯೂಟರ್ ಕೂಡ ಈ ಕೆಲಸ ಮಾಡುತ್ತದೆ.

ತೊಂದರೆ ಇರುವುದು ಇಲ್ಲೇ. ಮಲೇರಿಯಾದಲ್ಲೂ ಜ್ವರ, ಜೋರು ಉಸಿರು, ನ್ಯುಮೋನಿಯಾದಲ್ಲೂ ಅದೇ. ತಾಯಿ ಎಷ್ಟೇ ಚೆನ್ನಾಗಿ ನೆನಪಿಟ್ಟಿದ್ದರೂ ಒಳಗಿದ್ದ ರೋಗಾಣು ಅವಳಿಗೆ ಕಂಡಿರುವುದಿಲ್ಲ, ಅಲ್ವಾ? ಹಾಗಾಗಿ ಸಾವಿರಾರು ಸಾವುಗಳ ಒಟ್ಟು ಚಿತ್ರಕ್ಕೆ ಈ ವಿಧಾನವನ್ನು ನಂಬಬಹುದು. ಒಂದು ಮಗುವಿನ ವಿಷಯಕ್ಕೆ ಇದನ್ನೇ ಕಡೇ ಮಾತು ಅನ್ನಲು ನಾನು ಒಪ್ಪುವುದಿಲ್ಲ.

ಇನ್ನೊಂದು ದಾರಿ ಸೂಜಿಯದು. ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದಲ್ಲಿ ಮಕ್ಕಳ ಸಾವಿನ ಕಾರಣ ಹುಡುಕುವ ಚಾಂಪ್ಸ್ (CHAMPS) ಎಂಬ ಸಂಶೋಧನಾ ಜಾಲ ಇದನ್ನೇ ಬಳಸುತ್ತದೆ. ಹೆತ್ತವರು ಒಪ್ಪಿದರೆ, ಸಾಮಾನ್ಯವಾಗಿ ಸಾವಾದ 24 ಗಂಟೆಯೊಳಗೆ, ಸೂಜಿ ಚುಚ್ಚಿ ಶ್ವಾಸಕೋಶ, ಯಕೃತ್ತು, ಮೆದುಳಿನಿಂದ ಚೂರೇ ಚೂರು ಮಾದರಿ ತೆಗೆಯುತ್ತಾರೆ. ದೇಹ ಕೊಯ್ಯುವುದಿಲ್ಲ. ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ಮಕ್ಕಳ ಸಾವಿನಲ್ಲಿ ಪಾಲು ಪಡೆದಿದೆ ಎಂದು ಗೊತ್ತಾಗಿದ್ದು ಹೀಗೆ.

ಆದರೆ ರೋಗಾಣು ಸಿಕ್ಕಿತು ಅಂದಮಾತ್ರಕ್ಕೆ ಅದೇ ಕೊಂದಿತು ಎನ್ನುವಂತಿಲ್ಲ. ಚೆನ್ನಾಗಿ ಆಡಿಕೊಂಡಿರುವ ಮಕ್ಕಳ ಮೂಗಿನಲ್ಲೂ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ಇರುತ್ತದೆ. ಅದಕ್ಕೇ ತಜ್ಞರು ಒಟ್ಟಿಗೆ ಕೂತು, ಲ್ಯಾಬ್ ವರದಿ, ಆಸ್ಪತ್ರೆ ದಾಖಲೆ, ತಾಯಿಯ ಮಾತು ಎಲ್ಲವನ್ನೂ ನೋಡಿ ಸರಪಳಿ ಕಟ್ಟುತ್ತಾರೆ: ದಿನ ತುಂಬದ ಹೆರಿಗೆ, ಆಮೇಲೆ ಸೋಂಕು, ಕೊನೆಗೆ ಉಸಿರಾಟ ನಿಂತಿದ್ದು. ಒಂದೇ ಕಾರಣ ಬರೆದಿದ್ದರೆ ಮೊದಲ ಕೊಂಡಿ ಕಳೆದೇ ಹೋಗುತ್ತಿತ್ತು.

ಸೂಜಿ ಪರೀಕ್ಷೆಯನ್ನು ಎಲ್ಲ ಕಡೆ ಮಾಡಲಾಗದು. ಹಾಗಾಗಿ ಅದರ ಫಲಿತಾಂಶ ಇಟ್ಟುಕೊಂಡು ಬಾಯಿಮಾತಿನ ಲೆಕ್ಕ ಎಲ್ಲೆಲ್ಲಿ ತಪ್ಪುತ್ತದೆ ಎಂದು ನೋಡಿ ತಿದ್ದುತ್ತಾರೆ. ಗೊತ್ತಾದ ಕಾರಣವನ್ನು ಹೆತ್ತವರಿಗೂ ಹೇಳುತ್ತಾರೆ. ಆ ತಾಯಿಯ ಮುಂದಿನ ಬಸಿರಿನಲ್ಲಿ ಏನು ನೋಡಿಕೊಳ್ಳಬೇಕು ಎಂಬುದು ಕೆಲವೊಮ್ಮೆ ಅಲ್ಲೇ ಸಿಗುತ್ತದೆ.