ನಡೆಯಬಲ್ಲ ಅತ್ತೆಗೆ ಡೈಪರ್ ಏಕೆ?

ಪ್ರಶ್ನೆ: ಅತ್ತೆಗೆ 81 ವರ್ಷ, ಕೋಲು ಹಿಡಿದು ನಡೆಯುತ್ತಾರೆ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ನೋಡಿಕೊಳ್ಳಲಾಗದೆ ವೃದ್ಧಾಶ್ರಮಕ್ಕೆ ಸೇರಿಸಿದೆವು. ಅಲ್ಲಿ ಹಗಲಲ್ಲೂ ಡೈಪರ್ ಹಾಕುತ್ತಾರೆ. ಕೇಳಿದರೆ, ‘ಬಿದ್ದರೆ ಯಾರು ಹೊಣೆ?’ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬೀಳಬಾರದೆಂದು ಕೂರಿಸಿಯೇ ಇಟ್ಟರೆ ಕಾಲಿನ ಸ್ನಾಯು ಸೊರಗುತ್ತದೆ, ಆಮೇಲೆ ಎದ್ದಾಗ ಬೀಳುವ ಭಯ ಇನ್ನೂ ಹೆಚ್ಚು. ದಾದಿಯಾಗಿದ್ದಾಗ ವಾರ್ಡುಗಳಲ್ಲಿ ಕಂಡಿದ್ದೇನೆ: ಒದ್ದೆಯಾಗುವ ನಾಚಿಕೆಗೆ ಹಿರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರದ ಸೋಂಕು ತಗಲುತ್ತದೆ, ಅದರ ಬೆನ್ನಿಗೇ ಮನಸ್ಸು ಗೊಂದಲಗೊಳ್ಳುತ್ತದೆ. ಆಗ ‘ಅರಳುಮರಳು’ ಎಂದುಬಿಡುವುದು ಸುಲಭ!

ಎದ್ದ ಕೂಡಲೇ, ಊಟವಾದ ಮೇಲೆ, ನಡುವೆ ಎರಡೆರಡು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ಯಲು ಬರವಣಿಗೆಯಲ್ಲಿ ಕೇಳಿ. ಗೋಡೆಗೆ ಹಿಡಿಕೆ, ರಾತ್ರಿ ದೀಪ, ಜಾರದ ಚಪ್ಪಲಿಯ ಖರ್ಚು ನೀವೇ ಕೊಡಿ. ಜಡಿಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ ಎಂದರೆ ಅದು ಬರಿಯ ನೆಪವಲ್ಲ. ಹೆಚ್ಚುವರಿ ಸೀರೆ ಒಯ್ದು ಕೊಡಿ. ಇಷ್ಟಾದರೂ ಒಪ್ಪದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ಅಂದ ಹಾಗೆ, ಈ ಬಗ್ಗೆ ಅತ್ತೆ ಏನೆನ್ನುತ್ತಾರೆಂದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಅವರನ್ನು ಕೇಳಿಯೇ ಆಶ್ರಮಕ್ಕೆ ಪತ್ರ ಕೊಡಿ.