ಬಂಡೆ ಒಂದೇ, ನೀರು ಬೇರೆ

ಪತ್ರ: ನಮ್ಮದು ಮಂಡ್ಯ ತಾಲೂಕು. 600 ಅಡಿ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 48 ಮೈಕ್ರೋಗ್ರಾಂ ಯುರೇನಿಯಂ ಇದೆಯೆಂದು ವರದಿ ಬಂದಿದೆ. ನಾಲೆ ಬಯಲಿನ ತೆರೆದ ಬಾವಿಯಲ್ಲಿ ಬರೀ 5. ಕೆಳಗಿನ ಬಂಡೆ ಒಂದೇ ಅಲ್ಲವೇ? ಕುದಿಸಿದರೆ ಸಾಕೇ? ಕೆಲವರು ಐರನ್ ಫಿಲ್ಟರ್ ಹಾಕಿಸಿ ಅನ್ನುತ್ತಾರೆ.

ಉತ್ತರ: ನಿಮ್ಮ ವರದಿಯಲ್ಲಿ ಯುರೇನಿಯಂಗಿಂತ ಮೇಲಿರುವ ಎರಡು ಸಾಲು ನೋಡಿ. ಲೀಟರಿಗೆ ಕ್ಷಾರತೆ (ಮುಖ್ಯವಾಗಿ ಕಾರ್ಬೊನೇಟ್ ಬಗೆಯ ಲವಣಗಳ ಅಳತೆ) 420, ಕ್ಯಾಲ್ಸಿಯಂ 96 ಮಿಲಿಗ್ರಾಂ. ಕಳ್ಳ ಅಲ್ಲೇ ಇದ್ದಾನೆ.

ನಮ್ಮ ಕಡೆಯ ನೈಸ್, ಗ್ರಾನೈಟ್ ಕಲ್ಲುಗಳಲ್ಲಿ ಅಷ್ಟಿಷ್ಟು ಯುರೇನಿಯಂ ಸಹಜವಾಗಿಯೇ ಇರುತ್ತದೆ. ಆಮ್ಲಜನಕ ತಲುಪದ ಕಡೆ ಅದು ನಾಲ್ಕು ವೇಲೆನ್ಸಿಯ (ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡ) ರೂಪದಲ್ಲಿ, ಕರಗದೆ ಕೂತಿರುತ್ತದೆ. ಬಿರುಕಿನಲ್ಲಿ ಆಮ್ಲಜನಕವೋ ಗೊಬ್ಬರದ ನೈಟ್ರೇಟೋ ಇಳಿದರೆ ವೇಲೆನ್ಸಿ ಆರಕ್ಕೇರಿ, ಯುರೇನೈಲ್ ಎಂಬ ಕರಗುವ ಅಯಾನು ಆಗಿ ನೀರಿಗೆ ಬರುತ್ತದೆ. ಆಗಲೂ ಅದು ದೂರ ಹೋಗಲೇಬೇಕೆಂದಿಲ್ಲ. ಕೆಮ್ಮಣ್ಣಿನ ಕಬ್ಬಿಣದ ಆಕ್ಸೈಡ್, ಪಿಎಚ್ 6ರ ಆಸುಪಾಸಿನಲ್ಲಂತೂ, ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಆ ಹಿಡಿತ ಬಿಡಿಸುವುದು ಗಡಸು ನೀರು: ಎರಡು ಕ್ಯಾಲ್ಸಿಯಂ, ಮೂರು ಕಾರ್ಬೊನೇಟ್ ಸೇರಿ ಯುರೇನೈಲನ್ನು ಸುತ್ತಿಕೊಂಡರೆ ಆ ಗುಂಪಿಗೆ ವಿದ್ಯುದಾವೇಶವೇ ಉಳಿಯುವುದಿಲ್ಲ. ಖನಿಜದ ಮೈಗೆ ಹಿಡಿಯಲು ಏನೂ ಸಿಗದೆ ಅದು ನೀರಿನೊಂದಿಗೆ ಜಾರುತ್ತದೆ. ತೆರೆದ ಬಾವಿಗೆ ಬಸಿಯುವುದು ನಾಲೆ ನೀರು. ಲವಣ ಕಡಿಮೆ, ಕಲ್ಲಿನ ಸಹವಾಸವೂ ಕಡಿಮೆ.

ಇದು ತಿಳಿದರೆ ಐರನ್ ಫಿಲ್ಟರ್‌ನ ಕಥೆ ತಾನೇ ಬಗೆಹರಿಯುತ್ತದೆ. ಅದರೊಳಗೆ ಹಿಡಿಯಬೇಕಾದ್ದೂ ಕಬ್ಬಿಣದ ಆಕ್ಸೈಡೇ, ಕೆಮ್ಮಣ್ಣು ಹಿಡಿಯದ್ದನ್ನು ಅದು ಹಿಡಿದೀತೆಂದು ನೆಚ್ಚಬೇಡಿ. ಸಾಫ್ಟನರ್ ಕೂಡ ಕ್ಯಾಲ್ಸಿಯಂ ಹಿಡಿದು ಯುರೇನಿಯಂ ಬಿಡುತ್ತದೆ. ಅದರೊಳಗಿನ ರೆಸಿನ್ ಮಣಿಗಳು ಹಿಡಿಯುವುದು ಧನ ಆವೇಶದ ಅಯಾನುಗಳನ್ನು, ಯುರೇನಿಯಂನ ಆ ಗುಂಪಿಗೆ ಅದಿಲ್ಲ. ಅಡುಗೆಮನೆಗೆ ಆರ್‌ಓ ಸಾಕು, ಮೆಂಬ್ರೇನ್ ಸರಿಯಿದ್ದರೆ ಶೇ 90ಕ್ಕಿಂತ ಹೆಚ್ಚು ತಡೆಯುತ್ತದೆ. ಆದರೆ ಮೂರು ಲೀಟರಿಗೆ ಒಂದು ಲೀಟರ್ ಶುದ್ಧ ನೀರು ಬಂದರೆ, ಪಕ್ಕದ ಪೈಪಿನಲ್ಲಿ ಹೋಗುವ ಎರಡು ಲೀಟರಿನಲ್ಲಿ ಸಾಂದ್ರತೆ ಸುಮಾರು 72ಕ್ಕೇರುತ್ತದೆ. ಅದನ್ನು ದನಗಳಿಗೆ ಕುಡಿಸಬೇಡಿ.

ಕುದಿಸುವುದು ಉಲ್ಟಾ ಕೆಲಸ. ಎರಡು ಲೀಟರ್ ಬತ್ತಿ ಒಂದೂವರೆ ಆದರೆ 48 ಹೋಗಿ 64. ಪಾತ್ರೆ ತಳದ ಸುಣ್ಣ ಒಂದಿಷ್ಟನ್ನು ಹಿಡಿದೀತು, ಅಷ್ಟೇ. ಕುದಿಸಿದಾಗ ಹಾರಿಹೋಗುವುದು ಯುರೇನಿಯಂ ಅಲ್ಲ, ಅದು ಕ್ಷಯಿಸುತ್ತಾ ಹುಟ್ಟುವ ವಿಕಿರಣಶೀಲ ರೇಡಾನ್ ಅನಿಲ.

ಭಾರತೀಯ ಮಾನಕದ ಮಿತಿ 30 ಮೈಕ್ರೋಗ್ರಾಂ. ಯುರೇನಿಯಂನ ಮುಖ್ಯ ರೂಪವಾದ ಯುರೇನಿಯಂ-238ರ ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) ಸುಮಾರು 450 ಕೋಟಿ ವರ್ಷ. ಇಷ್ಟು ನಿಧಾನದ ವಸ್ತುವಿನ ವಿಕಿರಣಕ್ಕಿಂತ ಮೂತ್ರಪಿಂಡದ ಮೇಲಿನ ರಾಸಾಯನಿಕ ಪೆಟ್ಟೇ ಇಲ್ಲಿ ಚಿಂತೆ. ಸ್ನಾನಕ್ಕೆ, ಬಟ್ಟೆಗೆ ಅಂಜಬೇಕಿಲ್ಲ.

ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಆದರೆ ಟ್ಯಾಂಕಿನ ನೀರು ಕೊಡಬೇಡಿ. ಮೋಟಾರ್ 20 ನಿಮಿಷ ಓಡಿಸಿ, ಪೈಪಿನಿಂದಲೇ ಹಿಡಿದು, 0.45 ಮೈಕ್ರಾನ್ ಸೋಸುಕದಲ್ಲಿ ಸೋಸಿ, ಆಮೇಲೆ ಪಿಎಚ್ 2ಕ್ಕಿಂತ ಇಳಿಯುವಷ್ಟು ನೈಟ್ರಿಕ್ ಆಮ್ಲ ಹಾಕಬೇಕು. ಇದನ್ನು ಪ್ರಯೋಗಾಲಯದವರಿಂದಲೇ ಮಾಡಿಸಿ. ಆಮ್ಲ ಹಾಕದಿದ್ದರೆ ಯುರೇನಿಯಂ ಬಾಟಲಿಗೇ ಅಂಟಿ ಲೆಕ್ಕ ತಗ್ಗುತ್ತದೆ. ಸೋಸದೆ ಹಾಕಿದರೆ ಮಣ್ಣಿನ ಕಣದ್ದೂ ಸೇರಿ ಏರುತ್ತದೆ. ರೇಡಾನ್‌ಗೆ ಬೇರೆಯೇ ಬಾಟಲಿ, ಗಾಳಿಗುಳ್ಳೆ ಇಲ್ಲದಂತೆ ತುಂಬಿ ಅವತ್ತೇ ತಲುಪಿಸಿ. ಅದರ ಅರ್ಧಾಯು 3.8 ದಿನ, ವಾರ ಕಳೆದರೆ ಕಾಲುಭಾಗಕ್ಕಿಂತ ತುಸು ಹೆಚ್ಚು ಮಾತ್ರ ಉಳಿದಿರುತ್ತದೆ.

— ಸಂ.