ಘಾನಾದ ಜೆರಿ ರಾಲಿಂಗ್ಸ್: ಎರಡು ಸಲ ಅಧಿಕಾರ ಬಿಟ್ಟುಕೊಟ್ಟ ಸೇನಾಧಿಕಾರಿ

ಬಂದೂಕಿನ ಬಲದಿಂದ ಅಧಿಕಾರ ಹಿಡಿದ ಸೇನಾಧಿಕಾರಿಗಳಲ್ಲಿ ಯಾರಾದರೂ ಅದನ್ನು ಚುನಾಯಿತರ ಕೈಗೆ ಒಪ್ಪಿಸಿ ಹೊರಟಿದ್ದಾರೆಯೇ, ಹಾಗೆ ಹೊರಟವರನ್ನು ಪ್ರಜಾಪ್ರಭುತ್ವವಾದಿ ಎನ್ನಬಹುದೇ ಎಂದು ನೀವು ಕೇಳಿದ್ದೀರಿ. ಪಶ್ಚಿಮ ಆಫ್ರಿಕಾದ ಸೇನಾ ಆಡಳಿತಗಳ ಚರಿತ್ರೆಯನ್ನು ಹಲವು ವರ್ಷಗಳಿಂದ ಓದುತ್ತಾ ಬಂದಿರುವ ನನಗೆ ಈ ಪ್ರಶ್ನೆ ಎದುರಾದಾಗಲೆಲ್ಲ ಮೊದಲು ನೆನಪಾಗುವುದು ಘಾನಾದ ಫ್ಲೈಟ್ ಲೆಫ್ಟಿನೆಂಟ್ ಜೆರಿ ಜಾನ್ ರಾಲಿಂಗ್ಸ್. ಅವರು ಎರಡು ಸಲ ಅಧಿಕಾರ ಹಿಡಿದರು, ಎರಡು ಸಲವೂ ಬಿಟ್ಟುಕೊಟ್ಟರು. ಆದರೆ 1979ರಲ್ಲಿ ಬಿಟ್ಟುಕೊಟ್ಟದ್ದಕ್ಕೂ 2001ರಲ್ಲಿ ಬಿಟ್ಟುಕೊಟ್ಟದ್ದಕ್ಕೂ ಬಹಳ ಅಂತರವಿದೆ. ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ಆ ಅಂತರದಲ್ಲಿದೆ ಎಂದು ನಾನು ತಿಳಿದಿದ್ದೇನೆ.

ರಾಲಿಂಗ್ಸ್ 1947ರ ಜೂನ್ 22ರಂದು ಅಕ್ರಾದಲ್ಲಿ ಹುಟ್ಟಿದರು. ತಾಯಿ ಎವೆ ಸಮುದಾಯದವರು, ತಂದೆ ಸ್ಕಾಟ್ಲೆಂಡಿನವರು. ಮಗನನ್ನು ಬೆಳೆಸಿದ್ದು ತಾಯಿಯೇ. ಅಚಿಮೋಟಾ ಶಾಲೆಯಲ್ಲಿ ಓದಿ ವಾಯುಪಡೆ ಸೇರಿದ ಅವರು, ತರಬೇತಿಯಲ್ಲಿ ವಿಮಾನ ಹಾರಾಟದ ಅತ್ಯುತ್ತಮ ಕೆಡೆಟ್ ಎಂಬ ಪ್ರಶಸ್ತಿಯನ್ನೂ ಪಡೆದರು. ಅವರು ಸೇವೆಯಲ್ಲಿದ್ದ ವರ್ಷಗಳಲ್ಲೇ ದೇಶ ಕುಸಿಯುತ್ತಾ ಹೋಯಿತು. ಜನರಲ್ ಅಚಿಯಾಂಪಾಂಗ್ ಅವರ ಆಡಳಿತದಲ್ಲಿ ಆಮದು ಪರವಾನಗಿಗಳು ಬೇಕಾದವರ ಪಾಲಾದವು, ಕೋಕೋ ಉತ್ಪಾದನೆ ಇಳಿಯಿತು, ಅಂಗಡಿಯಲ್ಲಿ ಸಿಗದ ಸರಕು ಕಾಳಸಂತೆಯಲ್ಲಿ ಹಲವು ಪಟ್ಟು ಬೆಲೆಗೆ ಮಾರಾಟವಾಯಿತು. ಆ ಲಾಭಕೋರತನಕ್ಕೆ ಘಾನಾದ ಜನ ‘ಕಲಬುಲೆ’ ಎಂಬ ಹೆಸರನ್ನೇ ಇಟ್ಟಿದ್ದರು. ರಾಲಿಂಗ್ಸ್ ಅವರ ಸಿಟ್ಟು ಹುಟ್ಟಿದ್ದು ಇದರಿಂದ, ಆ ಸಿಟ್ಟು ನಿಜವಾದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

1979ರ ಮೇ 15ರಂದು ಅವರು ನಡೆಸಿದ ದಂಗೆ ವಿಫಲವಾಯಿತು. ಸೇನಾ ನ್ಯಾಯಾಲಯದಲ್ಲಿ ಅವರು ತಮ್ಮ ಜೊತೆಗಾರ ಸೈನಿಕರನ್ನು ಬಿಟ್ಟುಬಿಡಬೇಕು, ಹೊಣೆಯೆಲ್ಲ ತನ್ನದು ಎಂದು ನಿಂತದ್ದು ಅವರನ್ನು ಕೆಳದರ್ಜೆಯ ಸೈನಿಕರ ಕಣ್ಣಿನಲ್ಲಿ ನಾಯಕನನ್ನಾಗಿ ಮಾಡಿತು. ಜೂನ್ 4ರಂದು ಅದೇ ಸೈನಿಕರು ಅವರನ್ನು ಸೆರೆಯಿಂದ ಬಿಡಿಸಿ ದೇಶದ ಮುಖ್ಯಸ್ಥರನ್ನಾಗಿಸಿದರು. ಆಗ ಅವರಿಗಿನ್ನೂ 32 ವರ್ಷ ತುಂಬಿರಲಿಲ್ಲ.

ಮುಂದಿನ ಮೂರು ವಾರಗಳನ್ನು ನಿಧಾನವಾಗಿ ನೋಡಬೇಕು. ಹಿಂದಿನ ಸರ್ಕಾರ ನಿಗದಿಪಡಿಸಿದ್ದ ಚುನಾವಣೆಯನ್ನು ರಾಲಿಂಗ್ಸ್ ನೇತೃತ್ವದ ಸೇನಾ ಆಡಳಿತ ಮಂಡಳಿ ರದ್ದು ಮಾಡಲಿಲ್ಲ. ಜೂನ್ 18ರಂದು ಮತದಾನ ನಡೆಯಿತು. ಅದಕ್ಕೆ ಎರಡು ದಿನ ಮೊದಲು ಅಚಿಯಾಂಪಾಂಗ್ ಮತ್ತು ಮೇಜರ್ ಜನರಲ್ ಉಟುಕಾ ಅವರನ್ನು ಗುಂಡಿಟ್ಟು ಕೊಲ್ಲಲಾಗಿತ್ತು. ಮತದಾನ ಮುಗಿದು ಎಂಟು ದಿನಗಳಿಗೆ ಇನ್ನೂ ಆರು ಮಂದಿ ಹಿರಿಯ ಅಧಿಕಾರಿಗಳನ್ನು ಕೊಂದರು. ಅವರಲ್ಲಿ ಮಾಜಿ ರಾಷ್ಟ್ರಮುಖ್ಯಸ್ಥರಾದ ಅಕುಫೊ ಮತ್ತು ಅಫ್ರಿಫಾ ಸೇರಿದ್ದರು. ಅಫ್ರಿಫಾ ಅವರ ವಿಷಯದಲ್ಲಿ ನನ್ನ ಮನಸ್ಸು ಪ್ರತಿಸಲವೂ ತಡೆದು ನಿಲ್ಲುತ್ತದೆ. ಎನ್‌ಕ್ರುಮಾ ಸರ್ಕಾರವನ್ನು ಉರುಳಿಸಿದ 1966ರ ದಂಗೆಯಲ್ಲಿ ಭಾಗಿಯಾಗಿದ್ದ ಅವರು 1969ರಲ್ಲಿ ಚುನಾವಣೆ ನಡೆಸಿ ಬೂಸಿಯಾ ಅವರ ನಾಗರಿಕ ಸರ್ಕಾರಕ್ಕೆ ದಾರಿ ಬಿಟ್ಟಿದ್ದವರು. ಹತ್ತು ವರ್ಷಗಳ ನಂತರ ಅದೇ ಜೂನ್ 18ರ ಚುನಾವಣೆಯಲ್ಲಿ ಸಂಸತ್ತಿಗೆ ಆರಿಸಿಯೂ ಬಂದಿದ್ದರು. ಅಂದರೆ ನೀವು ಯಾರನ್ನು ಹುಡುಕುತ್ತಿದ್ದೀರೋ ಅಂಥ ಒಬ್ಬ ಸೇನಾಧಿಕಾರಿಯನ್ನೇ, ಹೆಸರಿಗಷ್ಟೇ ವಿಚಾರಣೆ ನಡೆಸಿ, ಟೆಶಿಯ ಗುಂಡುತಾಣದಲ್ಲಿ ಕಂಬಕ್ಕೆ ಕಟ್ಟಿ ಕೊಲ್ಲಲಾಯಿತು. ಬೆಲೆ ನಿಯಂತ್ರಣದ ಹೆಸರಿನಲ್ಲಿ ಸೈನಿಕರು ಅಕ್ರಾದ ಮಕೋಲಾ ಮಾರುಕಟ್ಟೆಯನ್ನು ನೆಲಸಮ ಮಾಡಿದ್ದೂ ಅದೇ ವರ್ಷದ ಆಗಸ್ಟಿನಲ್ಲಿ. ಅಲ್ಲಿ ಜೀವನ ಕಟ್ಟಿಕೊಂಡಿದ್ದವರಲ್ಲಿ ಬಹುಪಾಲು ಮಹಿಳಾ ವ್ಯಾಪಾರಿಗಳು.

ಸೆಪ್ಟೆಂಬರ್ 24ರಂದು, 112 ದಿನಗಳ ಆಳ್ವಿಕೆಯ ನಂತರ, ರಾಲಿಂಗ್ಸ್ ಚುನಾಯಿತ ಅಧ್ಯಕ್ಷ ಹಿಲ್ಲಾ ಲಿಮನ್ ಅವರಿಗೆ ಅಧಿಕಾರ ಹಸ್ತಾಂತರಿಸಿದರು. ಕೆಲವರು ಇದನ್ನೇ ಅವರ ನಿಸ್ವಾರ್ಥತೆಗೆ ಸಾಕ್ಷಿಯಾಗಿ ತೋರಿಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕುರ್ಚಿಯನ್ನು ಬಿಟ್ಟರೂ, ಆ ಕುರ್ಚಿಯಲ್ಲಿ ಕೂತವರು ಯೋಗ್ಯರೋ ಅಲ್ಲವೋ ಎಂದು ತೀರ್ಮಾನಿಸುವ ಹಕ್ಕನ್ನು ಅವರು ತಮ್ಮಲ್ಲೇ ಇಟ್ಟುಕೊಂಡಿದ್ದರು. ಲಿಮನ್ ಸರ್ಕಾರ ಅವರನ್ನು ಸೇನೆಯಿಂದ ನಿವೃತ್ತಗೊಳಿಸಿತು. 1981ರ ಡಿಸೆಂಬರ್ 31ರಂದು ಅವರು ಆ ಸರ್ಕಾರವನ್ನೇ ಕಿತ್ತೊಗೆದು, ಸಂವಿಧಾನವನ್ನು ಅಮಾನತಿನಲ್ಲಿಟ್ಟು, ಪಕ್ಷಗಳನ್ನು ನಿಷೇಧಿಸಿದರು.

ಎರಡನೆಯ ಆಳ್ವಿಕೆಯ ಮೊದಲ ವರ್ಷಗಳು ಭೀಕರವಾಗಿದ್ದವು. 1982ರ ಜೂನ್ 30ರ ರಾತ್ರಿ ಹೈಕೋರ್ಟಿನ ಮೂವರು ನ್ಯಾಯಾಧೀಶರನ್ನು ಮತ್ತು ಒಬ್ಬ ನಿವೃತ್ತ ಮೇಜರ್ ಅವರನ್ನು ಮನೆಗಳಿಂದ ಎತ್ತಿಕೊಂಡು ಹೋಗಿ ಬುಂಡಾಸೆಯ ಸೇನಾ ಗುಂಡುತಾಣದಲ್ಲಿ ಕೊಲ್ಲಲಾಯಿತು. 1979ರಲ್ಲಿ ಶಿಕ್ಷೆಗೊಳಗಾಗಿದ್ದವರ ಪ್ರಕರಣಗಳಲ್ಲಿ ಬಿಡುಗಡೆಯ ತೀರ್ಪು ನೀಡಿದ್ದ ನ್ಯಾಯಾಧೀಶರಿವರು. ಆಡಳಿತ ಮಂಡಳಿಯ ಸದಸ್ಯರೇ ಆಗಿದ್ದ ಅಮಾರ್ಟೆ ಕ್ವೇ ಅವರಿಗೆ ಈ ಪ್ರಕರಣದಲ್ಲಿ ಮರಣದಂಡನೆಯಾಯಿತು; ಆದರೂ ಆ ಕೊಲೆಗಳ ನೆರಳು ರಾಲಿಂಗ್ಸ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1983ರಲ್ಲಿ ಬರ, ಕಾಳ್ಗಿಚ್ಚು, ಸಾಲದ್ದಕ್ಕೆ ನೈಜೀರಿಯಾದಿಂದ ಹೊರದಬ್ಬಿಸಿಕೊಂಡು ಮರಳಿದ ಸುಮಾರು ಹತ್ತು ಲಕ್ಷ ಜನ. ಹಸಿವಿನಿಂದ ಎದ್ದು ಕಾಣುತ್ತಿದ್ದ ಕೊರಳೆಲುಬುಗಳನ್ನು ಜನ ‘ರಾಲಿಂಗ್ಸ್ ಸರ’ ಎಂದು ಕರೆದರು.

ಸಮಾಜವಾದದ ಮಾತನಾಡುತ್ತಾ ಬಂದ ಅವರು ಆ ವರ್ಷವೇ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬೆಂಬಲದ ಆರ್ಥಿಕ ಪುನಶ್ಚೇತನ ಕಾರ್ಯಕ್ರಮಕ್ಕೆ ಒಪ್ಪಿದರು. ಡಾಲರಿಗೆ 2.75 ಸೆಡಿ (ಘಾನಾದ ಹಣ) ಎಂದು ಕೃತಕವಾಗಿ ಹಿಡಿದಿಟ್ಟಿದ್ದ ದರವನ್ನು ಸಡಿಲಿಸಿದರು, ಕೋಕೋ ಬೆಳೆಗಾರರಿಗೆ ಕೊಡುವ ಬೆಲೆ ಏರಿಸಿದರು. ಸರ್ಕಾರಿ ನೌಕರಿಗಳು ಕಡಿತವಾದವು, ಆಸ್ಪತ್ರೆಗಳಲ್ಲಿ ಶುಲ್ಕ ಏರಿತು. ದಶಕದ ಉಳಿದ ಭಾಗದಲ್ಲಿ ಆರ್ಥಿಕತೆ ವರ್ಷಕ್ಕೆ ಸರಾಸರಿ ಶೇಕಡಾ 5ರಷ್ಟು ಬೆಳೆಯಿತು. ಸಿದ್ಧಾಂತವನ್ನು ಬದಿಗಿಟ್ಟು ದಾರಿ ಬದಲಿಸುವ ಈ ಗುಣಕ್ಕೆ ನಾನು ಬೆಲೆ ಕೊಡುತ್ತೇನೆ, ಏಕೆಂದರೆ 1992ರಲ್ಲಿ ನೆರವಿಗೆ ಬಂದದ್ದೂ ಅದೇ.

ದಾನಿ ದೇಶಗಳ ಒತ್ತಡ, ವಕೀಲರು, ವಿದ್ಯಾರ್ಥಿಗಳು ಮತ್ತು ಚರ್ಚುಗಳ ಒತ್ತಾಯ ಹೆಚ್ಚಿದಾಗ ಅವರು ಹೊಸ ಸಂವಿಧಾನಕ್ಕೆ ಒಪ್ಪಿದರು. 1992ರ ಏಪ್ರಿಲ್ 28ರ ಜನಮತಗಣನೆ ಅದನ್ನು ಅಂಗೀಕರಿಸಿತು. ಸಮವಸ್ತ್ರ ಕಳಚಿಟ್ಟು ಪಕ್ಷ ಕಟ್ಟಿ ನವೆಂಬರಿನಲ್ಲಿ ಶೇಕಡಾ 58ರಷ್ಟು ಮತ ಪಡೆದು ಗೆದ್ದರು. ಅಕ್ರಮ ನಡೆದಿದೆ ಎಂದು ವಿರೋಧ ಪಕ್ಷಗಳು ಸಂಸತ್ ಚುನಾವಣೆಯನ್ನೇ ಬಹಿಷ್ಕರಿಸಿದವು. 1996ರಲ್ಲಿ ಎಲ್ಲರೂ ಕಣಕ್ಕಿಳಿದಾಗಲೂ ಅವರು ಗೆದ್ದರು. ಸಂವಿಧಾನ ಅಧ್ಯಕ್ಷರಿಗೆ ಎರಡೇ ಅವಧಿಗಳ ಮಿತಿ ಹಾಕಿತ್ತು. ತಿದ್ದುಪಡಿಯ ಮೂಲಕ ಅಂಥ ಮಿತಿಯನ್ನು ಅಳಿಸಿಹಾಕಿದ ಅಧ್ಯಕ್ಷರು ಆ ಖಂಡದಲ್ಲಿ ಹಲವರಿದ್ದಾರೆ; ರಾಲಿಂಗ್ಸ್ ಅದಕ್ಕೆ ಕೈಹಾಕಲಿಲ್ಲ. 2000ದ ಡಿಸೆಂಬರಿನಲ್ಲಿ ಅವರ ಉಪಾಧ್ಯಕ್ಷ ಅಟಾ ಮಿಲ್ಸ್ ಸೋತರು, ವಿರೋಧ ಪಕ್ಷದ ಕುಫುವೊರ್ ಗೆದ್ದರು, 2001ರ ಜನವರಿ 7ರಂದು ಅಧಿಕಾರ ಕೈ ಬದಲಾಯಿತು. ಈ ಸಲ ಹೊಸ ಸರ್ಕಾರ ಅವರಿಗೆ ಇಷ್ಟವಿರಲಿಲ್ಲ, ಬಹಿರಂಗವಾಗಿ ಕಟುವಾಗಿ ಟೀಕಿಸಿದರು. ಆದರೆ ಟೀಕೆ ಮಾತಿನಲ್ಲೇ ಉಳಿಯಿತು. ಅದನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ.

ಹಾಗಾದರೆ ಪ್ರಜಾಪ್ರಭುತ್ವವಾದಿಯೇ? ಆ ಪದವನ್ನು ಅವರಿಗೆ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ತಾವು ಒಪ್ಪಿಕೊಂಡ ಕಾನೂನಿಗೆ ಕೊನೆಗೆ ಬದ್ಧರಾಗಿ ನಡೆದುಕೊಂಡ ಸೇನಾಧಿಕಾರಿ ಎಂದಷ್ಟೇ ಹೇಳಬಲ್ಲೆ. ಆ ಕಾನೂನು ಅವರನ್ನು ಕಟ್ಟಿಹಾಕಿದಂತೆ ಕಾಪಾಡಿಯೂ ಇತ್ತು. ದಂಗೆಗಳ ಆಡಳಿತದಲ್ಲಿ ಮಾಡಿದ ಕೃತ್ಯಗಳಿಗಾಗಿ ಯಾರನ್ನೂ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ ಎಂಬ ರಕ್ಷಣೆಯನ್ನು 1992ರ ಸಂವಿಧಾನದ ಪರಿವರ್ತನಾ ಅವಧಿಯ ಕಲಮುಗಳಲ್ಲಿ ಸೇರಿಸಲಾಗಿತ್ತು, ಅದನ್ನು ತಿದ್ದುವ ಅಧಿಕಾರ ಸಂಸತ್ತಿಗೂ ಇಲ್ಲ. ಆ ರಕ್ಷಣೆ ಇಲ್ಲದಿದ್ದರೆ ಅವರು ಅಷ್ಟು ಶಾಂತವಾಗಿ ಇಳಿಯುತ್ತಿದ್ದರೆಂದು ನನಗೆ ತೋರುವುದಿಲ್ಲ. ಆದರೂ ಅದನ್ನು ನ್ಯಾಯವೆಂದು ಒಪ್ಪಲೂ ಆಗುವುದಿಲ್ಲ. ಅವರು ಇಳಿದ ವರ್ಷವೇ, ಎನ್ಸಾವಾಮ್ ಸೆರೆಮನೆಯ ಸ್ಮಶಾನದಲ್ಲಿ 22 ವರ್ಷಗಳಿಂದ ಹೂತಿದ್ದ ಅಫ್ರಿಫಾ ಮತ್ತಿತರರ ಅವಶೇಷಗಳನ್ನು ಹೊರತೆಗೆದು ಕುಟುಂಬಗಳಿಗೆ ಒಪ್ಪಿಸಲಾಯಿತು. ರಾಲಿಂಗ್ಸ್ 2020ರ ನವೆಂಬರ್ 12ರಂದು ತೀರಿಕೊಂಡಾಗ ಘಾನಾ ಅವರಿಗೆ ಸಕಲ ಸರ್ಕಾರಿ ಗೌರವದೊಂದಿಗೆ ವಿದಾಯ ಹೇಳಿತು.